ನೀರಿನ ಗಾಜು

"ನಿನ್ನ ನೆರಳು ಒಳಗೆ ಬೀಳ್ತಾ ಐತೆ ಕಣ್ಲೇ. ಇನ್ನೂ ಹಿಂದಕ್ಕೆ ಸಾಯಿ."

ಗುಮಾಸ್ತ ಶಿವಮೂರ್ತಪ್ಪ ಹೇಳಿದ. ಮಾರಪ್ಪ ಪವರ್ ಹೌಸಿನ ಬಾಗಿಲಿನಿಂದ ಹಿಂದೆ ಸರಿದು ಬೂದಿ ಗುಡ್ಡೆಯ ಪಕ್ಕ ನಿಂತ.

ಅಂದು ಆಯುಧಪೂಜೆ. ಉಳಿದೆಲ್ಲ ದಿನ ಒಳಗಿನ ಬಾಯ್ಲರ್ ಅವನದೇ. ಭದ್ರಾವತಿಯ ಹಳೇ ಊರಿನಲ್ಲಿ ಷಣ್ಮುಖಪ್ಪನವರ ಸಾಮಿಲ್ಲು ಓಡುವುದೂ, ಅವರ ಮನೆಯಲ್ಲಿ ದೀಪ ಹತ್ತುವುದೂ ಅವನು ಹಬೆ ಏರಿಸಿದರೆ ಮಾತ್ರ. ಕೆಲಸ ಬಲ್ಲ ಮದರಾಸಿನವನು ಮಲೇರಿಯಾಕ್ಕೆ ಹೆದರಿ ಊರು ಬಿಟ್ಟ ಮೇಲೆ, ಸೌದೆ ಹಾಕುತ್ತಿದ್ದ ಮಾರಪ್ಪನೇ ಯಂತ್ರ ನಡೆಸುತ್ತಿದ್ದ. ಆರು ವರ್ಷವಾದರೂ ಹಾಜರಿ ಪುಸ್ತಕದಲ್ಲಿ ಅವನು ಸೌದೆ ಕೂಲಿ. ಆಯುಧಪೂಜೆಯ ಬೆಳಿಗ್ಗೆ ಅವನು ಯಂತ್ರ ಒರೆಸಿ ಹೊರಗೆ ಬಂದರೆ, ಹಿಂದೆಯೇ ಗಂಜಲ ಚಿಮುಕಿಸುತ್ತಿದ್ದರು. ಪೂಜೆ ಮುಗಿಯುವವರೆಗೆ ಕೇರಿಯವನು ಒಳಗೆ ಕಾಲಿಡುವಂತಿರಲಿಲ್ಲ.

ಪ್ರತಿ ವರ್ಷ ಬೆಂಕಿ ಆರಿಸಿ ಪೂಜೆ ಮಾಡುತ್ತಿದ್ದರು. ಈ ಸಲ ಶಿವಮೊಗ್ಗದಿಂದ ಸಾಹೇಬರೊಬ್ಬರು ಬಂದಿದ್ದರು. ಮಂಗಳಾರತಿಯ ಹೊತ್ತಿಗೆ ಅವರ ಕೈಯಿಂದ ಸ್ವಿಚ್ಚು ಒತ್ತಿಸಿ ಬಣ್ಣದ ದೀಪ ಹತ್ತಿಸಬೇಕೆಂದು ಷಣ್ಮುಖಪ್ಪನವರ ಆಸೆ. ಅದಕ್ಕೇ ಒಲೆ ಉರಿಯುತ್ತಲೇ ಇತ್ತು.

ಅಯ್ಯನವರು ಮಂತ್ರ ಶುರುಮಾಡಿದರು. ಬಾಯ್ಲರಿಗೆ ನೀರು ತುಂಬುವ ಪಂಪಿನ ಗದ್ದಲದಲ್ಲಿ ಮಂತ್ರ ಕೇಳುವುದಿಲ್ಲವೆಂದು ಗೊಣಗಿದರು. ಶಿವಮೂರ್ತಪ್ಪ ಪಂಪು ನಿಲ್ಲಿಸಿಬಿಟ್ಟ.

ಹೊರಗೆ ಮಾರಪ್ಪ ತಲೆ ಎತ್ತಿದ. ಕೆಳಗೆ ಉರಿ ಇದ್ದು ಪಂಪು ನಿಂತರೆ ಬಾಯ್ಲರಿನ ನೀರು ಬತ್ತುತ್ತದೆ.

ನೀರು ಎಷ್ಟಿದೆಯೆಂದು ತೋರಿಸುವುದು ಬಾಯ್ಲರಿನ ಎದೆಗೆ ಕೂರಿಸಿದ್ದ ಒಂದು ಗಾಜಿನ ಕೊಳವೆ. ಅಯ್ಯನವರು ಅದಕ್ಕೂ ವಿಭೂತಿ ಬಳಿದು ಚೆಂಡುಹೂವಿನ ಹಾರ ಇಳಿಬಿಟ್ಟಿದ್ದರು. ಒಳಗಿದ್ದ ಯಾರಿಗೂ ನೀರು ಕಾಣುತ್ತಿರಲಿಲ್ಲ. ಪಂಪು ಬಿಡಬೇಕೆಂದು ಮಾರಪ್ಪ ಹೊರಗಿನಿಂದಲೇ ಗುಮಾಸ್ತನಿಗೆ ಹೇಳಿದ. ಇವತ್ತು ಯಂತ್ರಕ್ಕೂ ಉಪವಾಸ ಎಂದು ಶಿವಮೂರ್ತಪ್ಪ ನಕ್ಕ.

ಮಂತ್ರ ಉದ್ದವಾಯಿತು. ಸಾಹೇಬರಿಗೆ ಎಳನೀರು ಬಂತು. ಷಣ್ಮುಖಪ್ಪನವರು ಬಾಗಿಲ ಬಳಿ ಬಂದಾಗ ಮಾರಪ್ಪ ಕೈ ಮುಗಿದ.

"ಬುದ್ಧಿ, ಪಂಪು ನಿಂತು ಬಾಳ ಹೊತ್ತಾತು. ಆ ಗಾಜು ಒಂದ್ಸಲ ಒರೆಸಿ ನೋಡ್ಸಿ."

ಅವರು ಸಾಹೇಬರ ಕಡೆ ಇದ್ದ ನಗೆ ಕೆಡದಂತೆ ಮೆಲ್ಲಗೆ ಹೇಳಿದರು. "ಸಾಹೇಬ್ರ ಮುಂದೆ ನನ್ನ ಮಾನ ಕಳೀತೀಯ ಸೂಳೆಮಗ್ನೆ. ಹೊಸ್ತಿಲು ತುಳಿದ್ರೆ ಕಾಲು ಮುರುಸ್ತೀನಿ. ನಾಳೆಯಿಂದ ಈ ಕಡೆ ಮುಖ ಹಾಕ್ಬೇಡ."

ಮಾರಪ್ಪ ಹಿಂದಕ್ಕೆ ಸರಿದ. ಗೋಡೆಯ ಆಚೆ ಹತ್ತು ಮಾರು ದೂರದಲ್ಲಿ ಹೆಂಗಸರು ದಿಮ್ಮಿಗಳ ತೊಗಟೆ ಸುಲಿಯುತ್ತಿದ್ದರು. ಅವನ ಹೆಂಡತಿ ದ್ಯಾಮಮ್ಮನೂ ಅಲ್ಲೇ ಇದ್ದಳು. ಅವರಿಗೆ ಹಬ್ಬದ ರಜೆ ಇರಲಿಲ್ಲ.

ಕಾದ ಕಬ್ಬಿಣದ ವಾಸನೆ ಬಂತು. ಒಳಗೆ ಹಾರದ ಹೂವು ಕಂದತೊಡಗಿತು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದರು. ಆಗ ಷಣ್ಮುಖಪ್ಪನವರು ಪಂಚೆಯ ತುದಿಯಿಂದ ಗಾಜು ಉಜ್ಜಿದರು. ನೀರಿರಲಿಲ್ಲ.

"ಲೇ ಶಿವಮೂರ್ತಿ, ನೀರು ಬಿಡಲೇ. ಬೇಗ ಬಿಡು."

ಶಿವಮೂರ್ತಪ್ಪ ಪಂಪಿಗೆ ಕೈ ಹಾಕಿದ.

ಕೆಂಪಗೆ ಕಾದ ಬಾಯ್ಲರಿಗೆ ತಣ್ಣೀರು ಬಿದ್ದರೆ ಅದು ಸಿಡಿಯುತ್ತದೆ. ಮದರಾಸಿನವನು ಇದನ್ನು ಮಾರಪ್ಪನ ತಲೆಗೆ ಹೊಡೆದು ಹೊಡೆದು ಹೇಳಿಕೊಟ್ಟಿದ್ದ. ಮಾರಪ್ಪ ಹೊಸ್ತಿಲು ದಾಟಿದ. ಗುಮಾಸ್ತನ ರಟ್ಟೆ ಹಿಡಿದು ಎಳೆದು ಬಿಸಾಡಿದ. ಒಲೆಯ ಬಾಗಿಲು ತೆಗೆದು, ಉದ್ದನೆಯ ಕೊಕ್ಕೆಯಿಂದ ಬೆಂಕಿಯನ್ನೆಲ್ಲ ನೆಲಕ್ಕೆ ಎಳೆದ. ರಂಗೋಲಿಯ ಮೇಲೆ, ಬಾಳೆಕಂದಿನ ಮೇಲೆ, ಅಯ್ಯನವರ ಮಣೆಯ ಮೇಲೆ ಕೆಂಡ ಉರುಳಿತು. ಸಾಹೇಬರು ಬೂಟು ಅಲ್ಲೇ ಬಿಟ್ಟು ಓಡಿದರು. ಉಳಿದವರು ಅವರ ಹಿಂದೆ.

ಮಾರಪ್ಪ ಹೊರಬಂದಾಗ ಅವನ ಮುಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಬಾಯ್ಲರು ಒಳಗೆ ಟಣ್ ಟಣ್ ಎಂದು ಮಿಡುಕುತ್ತಿತ್ತು.

ಅಂಗಳದಲ್ಲಿ ಅಯ್ಯನವರು ಯಂತ್ರ ಮೈಲಿಗೆಯಾಯಿತೆಂದು ಹೇಳುತ್ತಿದ್ದರು. ಬಾಯ್ಲರಿನ ಮೇಲೆ ಹತ್ತು ಕೊಡ ಹೊಳೆಯ ನೀರು ಸುರಿದು ಶುದ್ಧಿ ಮಾಡಬೇಕಂತೆ. ಷಣ್ಮುಖಪ್ಪನವರು ಆಳುಗಳನ್ನು ಭದ್ರೆಗೆ ಅಟ್ಟಿದರು. ತುಂಬಿದ ಕೊಡಗಳು ಒಂದರ ಹಿಂದೆ ಒಂದು ಬಂದವು.

ಮಾರಪ್ಪ ಬಾಗಿಲಿಗೆ ಅಡ್ಡ ನಿಂತ.

"ಸರಿಯೋ ಈ ಕಡೆ," ಷಣ್ಮುಖಪ್ಪನವರು ಗದರಿದರು.

"ಸರಿಯಕ್ಕಿಲ್ಲ. ಅದು ಆರೋ ಗಂಟ ಒಂದು ತಂಬಿಗೆ ನೀರೂ ಒಳಿಕ್ಕೆ ಹೋಗಂಗಿಲ್ಲ."

"ಯಾರಲೇ ಅದನ್ನ ಹೇಳಕ್ಕೆ?"

"ನಾನು."

ಷಣ್ಮುಖಪ್ಪನವರು ಮುಂದೆ ನಡೆಯಿರೆಂದು ಆಳುಗಳಿಗೆ ಕೈ ಬೀಸಿದರು. ಮುಂದಿದ್ದವನು ಹೆಗಲ ಮೇಲಿನ ಕೊಡ ಇಳಿಸದೆ ಒಂದು ಹೆಜ್ಜೆ ಇಟ್ಟ. ಮಾರಪ್ಪ ಹೊಸ್ತಿಲೊಳಗಿನ ಕೆಂಡದಲ್ಲಿ ಬಿದ್ದಿದ್ದ ಕೊಕ್ಕೆಯನ್ನು ಎಳೆದು ಅವನ ಎದೆಯ ಮಟ್ಟಕ್ಕೆ ಎತ್ತಿದ. ಅದರ ತುದಿ ಇನ್ನೂ ಕೆಂಪಗಿತ್ತು.