ಬಂಡೆಗೆ ಹಾಕಿದ ಗೊಬ್ಬರ

ಸತುರ್ನಿನಾ ಮದುವೆಯಾಗಿ ಬಂದಾಗ ಹಿಮನದಿ ಮಲಗಿದ್ದ ಜಾಗದಲ್ಲಿ, ಹಿಮ ಕರಗಿ, ಬರೀ ಕಲ್ಲು, ಅಲ್ಲಲ್ಲಿ ಬಡಕಲು ಹುಲ್ಲು ಉಳಿದಿತ್ತು. ಅಲ್ಲೇ ಗೋಡೆ ಕಟ್ಟಿ, ಮೂರು ವರ್ಷ ತನ್ನ ಲಾಮಾಗಳನ್ನು, ಉಣ್ಣೆಗೆಂದು ಸಾಕಿದ ಆ ಒಂಟೆಜಾತಿಯ ಪ್ರಾಣಿಗಳನ್ನು, ಕೂಡಿಹಾಕಿದಳು. ಲಾಮಾ ಹಿಕ್ಕೆ ಹಾಕುವುದು ಒಂದೇ ಮೂಲೆಯಲ್ಲಿ. ಆ ರಾಶಿಯನ್ನು ಅವಳೇ ಹೊತ್ತು ಕಲ್ಲುಗಳ ನಡುವೆ ಹರಡಿದಳು.

"ಏನತ್ತಿಗೆ, ಬಂಡೆಗೆ ಗೊಬ್ಬರಾನಾ? ಆಲೂಗಡ್ಡೆ ಬಿಡುತ್ತಾ?" ಎಂದು ಮೈದುನ ಎವಾರಿಸ್ತೊ ದಿನಾ ನಗುತ್ತಿದ್ದ.

ಇವತ್ತು ಪೇಟೆಯಿಂದ ಬಂದ ಸಸ್ಯತಜ್ಞೆ ಹುಲ್ಲಿನ ಪರೀಕ್ಷೆಯ ಫಲಿತಾಂಶ ಓದಿದಳು: "ಅಮ್ಮಾ, ಗೋಡೆಯೊಳಗಿನ ಹುಲ್ಲಲ್ಲಿ ಸಾರಜನಕ ಹೊರಗಿನದಕ್ಕಿಂತ ಎರಡು ಪಟ್ಟು ಇದೆ, ಅಷ್ಟು ಸತ್ವದ ಮೇವು!"

"ಕಾಗದದಲ್ಲಿ ಏನು ಬೇಕಾದ್ರೂ ಬರೀತಾರೆ," ಎಂದು ಎವಾರಿಸ್ತೊ ಮೂಗು ಮುರಿದ.

ಸತುರ್ನಿನಾ ಅವನ ಭುಜ ಹಿಡಿದು ತಿರುಗಿಸಿದಳು. ಅವನ ಹನ್ನೊಂದು ಲಾಮಾಗಳೂ ಹೊರಗಿನ ಹುಲ್ಲು ಬಿಟ್ಟು, ಗೋಡೆ ಹಾರಿ, ಒಳಗೆ ತಲೆಯೆತ್ತದೆ ಮೇಯುತ್ತಿದ್ದವು.

"ಕಾಗದ ನಂಬಬೇಡ ಬಿಡಪ್ಪ. ಸದ್ಯ, ನಿನ್ನ ಮಂದೆಗಾದ್ರೂ ಬುದ್ಧಿ ಇದೆಯಲ್ಲ!"