ಬೀಗ ಮುರಿದಿರಲಿಲ್ಲ

ಆ ಶನಿವಾರ ವರ್ನಾ ಕಿಟಲ್‌ಸನ್ ಬೆಳಿಗ್ಗೆಯಿಂದ ಒಂದು ಕಡೆ ನೆಟ್ಟಗೆ ಕೂತಿರಲಿಲ್ಲ. ಮೊಂಟಾನಾದ ನಮ್ಮ ಹಾರ್ಲೋ ಕ್ರೀಕ್ ಊರಿನ ಮ್ಯೂಸಿಯಮ್ಮಿನಲ್ಲಿ ಅವಳು ತನ್ನ ಪುಸ್ತಕಕ್ಕೆ ಸಹಿ ಹಾಕಿಕೊಡುವ ದಿನ. ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತಳಾಗಿದ್ದವಳು, ನಿವೃತ್ತಿಯಾದ ಮೇಲೆ ಹಳೇ ಕಡತಗಳನ್ನೆಲ್ಲ ಜಾಲಾಡಿ ಈ ಸೀಮೆಯ ಕುದುರೆಗಳ್ಳರು, ದರೋಡೆಕೋರರ ಚರಿತ್ರೆ ಬರೆದಿದ್ದಳು. ಮೇಜಿನ ಮೇಲೆ ಪುಸ್ತಕಗಳನ್ನು ಜೋಡಿಸಿದಳು, ಸರಿಕಾಣದೆ ಮತ್ತೆ ಜೋಡಿಸಿದಳು.

ಪುಸ್ತಕದ ದೊಡ್ಡ ಅಧ್ಯಾಯ ಟೋಬಿಯಾಸ್ ರಾಸ್ಕೋನದು. 1884ರಲ್ಲಿ ಕುದುರೆ ಕದ್ದನೆಂಬ ಗುಮಾನಿಯ ಮೇಲೆ ಅವನನ್ನು ಹಿಡಿದಿದ್ದರು. ವಿಚಾರಣೆಗೆ ಮೊದಲೇ ದನ, ಕುದುರೆ ಸಾಕುವ ರಾಂಚೊಂದರ ಆರು ಮಂದಿ ಜೈಲಿನಿಂದ ಎಳೆದೊಯ್ದು ಮರಕ್ಕೆ ನೇಣು ಹಾಕಿದರು. ಎರಡು ತಿಂಗಳಾದ ಮೇಲೆ ಆ ಕುದುರೆ ಬೆಟ್ಟದಲ್ಲಿ ಮೇಯುತ್ತಿದ್ದದ್ದು ಸಿಕ್ಕಿತು. ಆರೂ ಹೆಸರುಗಳನ್ನು ವರ್ನಾ ಬರೆದಿದ್ದಳು. ‘ಜೈಲಿನ ಬಾಗಿಲು ತೆರೆದವರು ಯಾರೋ ತಿಳಿದಿಲ್ಲ’ ಎಂದೂ ಬರೆದಿದ್ದಳು.

ಅವಳಿಗೆ ತಿಳಿದಿತ್ತು. ಅಜ್ಜಿಯ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಮುತ್ತಜ್ಜ ನೆಲ್ಸ್ ಬರೆದ ಕಾಗದವೊಂದು ಸಿಕ್ಕಿತ್ತು. ಆಗ ಜೈಲಿನ ಕಾವಲಿಗಿದ್ದವನು ಅವನೇ. ‘ಕೀಲಿ ನಾನೇ ಕೊಟ್ಟೆ’ ಎಂದಿತ್ತು ಅದರಲ್ಲಿ. ಚಿಕ್ಕಪ್ಪನ ಮಗ ಲೈಲ್‌ಗೆ ತೋರಿಸಿದಾಗ ಅವನು, “ಹೂತವರನ್ನ ಅಗೆದು ಏನ್ ಮಾಡ್ತೀಯ ವರ್ನಾ? ಬಿಟ್ಟಾಕು,” ಅಂದಿದ್ದ. ಬಿಟ್ಟಿದ್ದಳು.

ಹನ್ನೊಂದು ಗಂಟೆಗೆ ಎಪ್ಪತ್ತು ದಾಟಿದ ಒಬ್ಬರು ಬಂದು ಟೋಪಿ ತೆಗೆದು ನಿಂತರು.

“ಓಡೆಲ್ ರಾಸ್ಕೋ ಅಂತ. ಐಡಹೋದಿಂದ ಬಂದೆ. ಟೋಬಿಯಾಸನ ತಮ್ಮನ ಮೊಮ್ಮಗ ನಾನು.”

ವರ್ನಾಳ ಪೆನ್ನು ನಿಂತಿತು.

“ಪುಸ್ತಕ ಎರಡು ಸಲ ಓದ್ದೆ. ಒಂದು ಕೇಳೋದಿತ್ತು. ಬೀಗ ಮುರಿದಿರಲಿಲ್ಲ ಅಂತ ನೀವೇ ಬರೆದಿದ್ದೀರಿ. ಹಂಗಾದ್ರೆ ತೆಗೆದವರು ಯಾರು? ನಮ್ಮಜ್ಜ ಸಾಯೋವರೆಗೂ ಅದನ್ನೇ ಕೇಳ್ತಿದ್ರು.”

“ಸಿಗಲಿಲ್ಲ,” ಎಂದಳು ವರ್ನಾ.

“ಹೋಗ್ಲಿ ಬಿಡಿ. ಇಷ್ಟು ಬರೆದಿದ್ದೀರಲ್ಲ, ಅದೇ ದೊಡ್ಡದು.” ಅವರು ಸಹಿ ಹಾಕಿಸಿಕೊಂಡು ಫೋಟೋಗಳಿದ್ದ ಗೋಡೆಯ ಕಡೆ ಹೋದರು.

ಆ ಮಾತೇ ಅವಳನ್ನು ಕೊರೆಯಿತು. ಮುಂದಿನವರ ಹೆಸರನ್ನು ತಪ್ಪಾಗಿ ಬರೆದಳು. ಅದರ ಮುಂದಿನವರು ಏನಂದರೋ ಕೇಳಿಸಲೇ ಇಲ್ಲ. ಸಾಲಿನಲ್ಲಿ ಇನ್ನೂ ಜನ ನಿಂತಿರುವಾಗಲೇ ಎದ್ದು ಓಡೆಲ್ ಹತ್ತಿರ ಹೋದಳು.

“ನಿಮಗೆ ಸುಳ್ಳು ಹೇಳ್ದೆ. ಕೀಲಿ ಕೊಟ್ಟವನು ನಮ್ಮ ಮುತ್ತಜ್ಜ.”

ಓಡೆಲ್ ಗೋಡೆ ಬಿಟ್ಟು ಅವಳ ಕಡೆ ತಿರುಗಿದರು. “ಯಾವಾಗ ಗೊತ್ತಾಯ್ತು?”

“ಎರಡು ವರ್ಷ ಆಯ್ತು. ಪುಸ್ತಕ ಅಚ್ಚಿಗೆ ಹೋಗೋಕೆ ಮುಂಚೆ.”

ಬೆಳಿಗ್ಗೆಯಿಂದ ಮೇಜಿನ ಬಳಿ ಪುಸ್ತಕ ಮಾರುತ್ತಿದ್ದ ಲೈಲ್ ಅವಳ ಹಿಂದೆಯೇ ಬಂದು ತೋಳು ಹಿಡಿದ. “ಇದು ಮನೆ ವಿಚಾರ. ಬಾ, ಕೂತ್ಕೋ.”

“ಅವರ ಮನೆ ವಿಚಾರಾನೂ ಹೌದು ಲೈಲ್,” ಎಂದು ತೋಳು ಬಿಡಿಸಿಕೊಂಡಳು.

ಓಡೆಲ್ ತಮ್ಮ ಪ್ರತಿಯನ್ನು ಅವಳ ಮುಂದೆ ಹಿಡಿದರು. “ಇದ್ರಲ್ಲಿ ಬರೀರಿ.” ಬರೆದಳು. ಓದಿ ನೋಡಿ, “ಮಿಕ್ಕಿದ್ದರಲ್ಲೂ ಬರೀರಿ,” ಎಂದರು.

ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ವರ್ನಾ ವಿಷಯ ಹೇಳಿದಳು. ಕೆಲವರು ತಲೆ ತಗ್ಗಿಸಿದರು. ಒಬ್ಬಾಕೆ ಪುಸ್ತಕವನ್ನು ಮೇಜಿನ ಮೇಲೇ ಇಟ್ಟು ಹೋದಳು. ಲೈಲ್ ಬಾಗಿಲು ದಡಾರನೆ ಹಾಕಿಕೊಂಡು ಹೋದವನು ಇವತ್ತಿಗೂ ಅವಳ ಜೊತೆ ಮಾತಾಡುವುದಿಲ್ಲ.

ಅವಳು ಕೂತು ಒಂದೊಂದೇ ಪ್ರತಿ ತೆರೆದು, ‘ತಿಳಿದಿಲ್ಲ’ ಎಂದಿದ್ದ ಪುಟದಲ್ಲಿ ನೆಲ್ಸ್ ಕಿಟಲ್‌ಸನ್ ಹೆಸರು ಬರೆಯತೊಡಗಿದಳು. ಓಡೆಲ್ ಅವಳನ್ನು ಕ್ಷಮಿಸಿದೆ ಅನ್ನಲಿಲ್ಲ, ಕೈಯನ್ನೂ ಕುಲುಕಲಿಲ್ಲ. ಆದರೆ ಹೋಗಲೂ ಇಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

“ಇನ್ನೊಂದು ತಪ್ಪಿದೆ,” ಎಂದರು. “ಟೋಬಿಯಾಸನಿಗೆ ಇಪ್ಪತ್ತಮೂರು ವರ್ಷ ಅಂತ ಬರೆದಿದ್ದೀರಿ. ಹತ್ತೊಂಬತ್ತು ಅವನಿಗೆ. ಅದನ್ನೂ ತಿದ್ದಿ.”

ವರ್ನಾ ಮೊದಲ ಪ್ರತಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು.