ಬಿಸಿ ಡಬ್ಬಿಯ ಬಳಗ

ತೀರಿಕೊಂಡ ಅಮ್ಮನ ತಲೆದಿಂಬು ಸರಿಮಾಡುತ್ತಿದ್ದ ಮಗಳು ಬೂಟಿನ ಸದ್ದಿಗೆ ಕತ್ತೆತ್ತಿದಳು. ಕಂಕುಳಲ್ಲಿ ಕಡತ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದವನು ಆಹಾರ ಕಾರ್ಡಿನ ತನಿಖಾಧಿಕಾರಿ. ಎರಡು ವಾರದ ಹಿಂದೆ ಅಮ್ಮನನ್ನು ಕೆಲಸದಿಂದ ತೆಗೆಸಿದವನು.

"ನಿಮ್ಮ ಕೆಲಸ ನೀವು ಮಾಡಿ," ಎಂದ. "ನಾನು ಇಲ್ಲೇ ನಿಂತಿರ್ತೀನಿ. ಯಾರ್ಯಾರು ಬರ್ತಾರೆ ನೋಡ್ಬೇಕು, ಅಷ್ಟೆ."

ಅಮ್ಮ ಪ್ರಾಣ ಹೋಗುವವರೆಗೂ ಯಾರ ಹೆಸರನ್ನು ಬಾಯಿಬಿಟ್ಟಿರಲಿಲ್ಲವೋ, ಅವರೆಲ್ಲ ಈಗ ತಾವಾಗಿಯೇ ಮೆಟ್ಟಿಲು ಹತ್ತಿ ಬಂದು ಇವನ ಕೈಗೆ ಸಿಗುವವರಿದ್ದರು. ಸಿಕ್ಕಿದರೆ ಆರು ತಿಂಗಳು ಕಾರ್ಡು ಬಂದ್. ಬರದೇ ಹೋದರೆ ಅಮ್ಮನಿಗೆ ಹೆಗಲು ಕೊಡುವವರೇ ಇಲ್ಲ.

*

ದಿನಸಿ ಅಂಗಡಿಯೊಂದರ ಅಡುಗೆ ಕೌಂಟರಿನಲ್ಲಿ ಅಮ್ಮ ಇಪ್ಪತ್ತೆರಡು ವರ್ಷ ದುಡಿದಳು. ಸರ್ಕಾರದ ಆಹಾರ ಕಾರ್ಡಿಗೆ ತಣ್ಣಗಿನ ಊಟ ಸಿಗುತ್ತಿತ್ತು, ಬಿಸಿಯದು ಸಿಗುತ್ತಿರಲಿಲ್ಲ. ಅದೇ ಒಲೆಯ ಅದೇ ಕೋಳಿ ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಕೂತರೆ ಕಾನೂನಿಗೆ ಪಥ್ಯ. ಕಾನೂನು ಬರೆದವರ ಮನೆಯಲ್ಲೆಲ್ಲ ಒಲೆ ಇತ್ತೆಂದು ಕಾಣುತ್ತದೆ. ಹಿಂದಿನ ಬೀದಿಯ ಬಾಡಿಗೆ ಕೋಣೆಗಳಲ್ಲಿ ಒಲೆ ಹಚ್ಚಿದರೆ ಮಾಲೀಕ ಸಾಮಾನು ಹೊರಗೆಸೆಯುತ್ತಿದ್ದ.

ಅಮ್ಮ ಬಿಸಿ ಡಬ್ಬಿಗೆ 'ತಣ್ಣಗಿನ ಆಹಾರ' ಎಂಬ ಚೀಟಿ ಅಂಟಿಸಿ ಕೊಡುತ್ತಿದ್ದಳು. ಹಬೆಗೆ ಚೀಟಿ ಕಿತ್ತು ಬಂದರೆ ಮೇಲೊಂದು ಅಂಟಿಸುತ್ತಿದ್ದಳು. ಕಾರ್ಡಿನ ಯಂತ್ರದಲ್ಲಿ ಎಲ್ಲವೂ ತಣ್ಣಗೇ ಇತ್ತು. ಒಂದು ಮಧ್ಯಾಹ್ನ ತನಿಖಾಧಿಕಾರಿ ಅಂಥದೊಂದು ಡಬ್ಬಿಯ ಮುಚ್ಚಳ ತೆಗೆದ, ಅವನ ಕನ್ನಡಕ ಮಂಜಾಯಿತು.

"ಯಾರ್ಯಾರಿಗೆ ಕೊಟ್ಟಿದ್ದೀರಿ?"

"ಹಸಿದೋರಿಗೆ."

"ಹೆಸರು ಹೇಳಿ."

"ಹಸಿದೋರು ಅಂತ ಹೇಳಿದ್ನಲ್ಲ."

ಈಗ ಅವನ ಎಣಿಕೆ ಸರಳವಾಗಿತ್ತು. ಒಬ್ಬ ಅಡುಗೆಯವಳ ಸಾವಿಗೆ ಬರುವ ಕಾರ್ಡಿನವರು ಯಾರೋ, ಬಿಸಿ ಉಂಡವರೂ ಅವರೇ.

*

ಮೊದಲು ಬಂದವನು ಲಾಂಡ್ರಿಯವನು. ಹೊಸ್ತಿಲ ಮೇಲೆ ಅವನ ಕಾಲು ನಿಂತುಬಿಟ್ಟಿತು.

"ಇವರಿಗೆ ನೀವೇನಾಗ್ಬೇಕು?" ಎಂದ ತನಿಖಾಧಿಕಾರಿ.

ಲಾಂಡ್ರಿಯವನು ಚಪ್ಪಲಿ ಕಳಚಿದ. "ತಮ್ಮ. ಒಡಹುಟ್ಟಿದ ತಮ್ಮ."

ತನಿಖಾಧಿಕಾರಿ ಮಗಳತ್ತ ತಿರುಗಿದ. ಅಮ್ಮನಿಗೆ ಅಣ್ಣತಮ್ಮ ಯಾರೂ ಇರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮಗಳ ಕಿವಿ ಬಿಸಿಯಾಯಿತು.

"ಬನ್ನಿ ಮಾವ," ಎಂದಳು. "ಯಾಕಿಷ್ಟು ತಡ?"

ಅದೊಂದು ಮಾತು ಮೆಟ್ಟಿಲಿಳಿದು ಬೀದಿಗೆ ಹೋಯಿತು. ಆಮೇಲೆ ನೆಂಟರೇ ನೆಂಟರು. ಹೊಲಿಗೆಯವಳು ಓರಗಿತ್ತಿಯಾದಳು. ಕಸ ಗುಡಿಸುವ ಇಬ್ಬರು ದೊಡ್ಡಮ್ಮನ ಮಕ್ಕಳಾದರು. ಕಾವಲುಗಾರ ಗಾಬರಿಯಲ್ಲಿ "ಷಡ್ಡಕ" ಎಂದುಬಿಟ್ಟ.

"ಹೆಂಗಸಿಗೆಲ್ಲಿಂದ ಷಡ್ಡಕ?"

"ನಮ್ಮಪ್ಪನ ಷಡ್ಡಕ," ಎಂದಳು ಮಗಳು.

"ನಿಮ್ಮ ತಾಯಿ ಒಬ್ಬರೇ ಮಗಳು, ಅಕ್ಕತಂಗಿ ಇಲ್ಲ ಅಂತ ಅವರ ಕೆಲಸದ ಅರ್ಜಿಯಲ್ಲಿದೆ." ತನಿಖಾಧಿಕಾರಿ ಕಡತವನ್ನು ಬೆರಳಿಂದ ತಟ್ಟಿದ.

ಹೊಲಿಗೆಯವಳು ಮೆಲ್ಲನೆ ಹೇಳಿದಳು: "ಬರೋ ತಿಂಗಳಿಂದ ಬಿಸಿ ಊಟಕ್ಕೂ ಕಾರ್ಡು ನಡೆಯುತ್ತಂತಲ್ಲ ಸ್ವಾಮಿ. ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದ್ರು."

"ಬರೋ ತಿಂಗಳಿಂದ. ಹೋದ ತಿಂಗಳಿಗೆ ಹಳೇ ಕಾನೂನೇ."

ಮಗಳಿಗೆ ಕೋಪ ಉಕ್ಕಿ ಬಂತು, ಅಳುವೂ ಬಂತು. ಬಗ್ಗಿ ಅಮ್ಮನ ಹೊದಿಕೆಯ ಅಂಚು ಎಳೆದು ಸರಿಮಾಡಿದಳು.

ಕೊನೆಗೆ ಗೋಡೆ ಹಿಡಿದುಕೊಂಡು ಮುದುಕಿಯೊಬ್ಬಳು ಬಂದಳು, ಬಾಡಿಗೆ ಕೋಣೆಗಳ ಕೊನೆಯ ಬಾಗಿಲಿನವಳು. ಹೆಚ್ಚೆಂದರೆ ಅಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ದಾರಿಯಲ್ಲಿ ಯಾರೋ ಅವಳಿಗೆ ಸಂಬಂಧ ಹೇಳಿಕೊಟ್ಟಿರಬೇಕು, ಅವಳು ಅದನ್ನು ಮರೆತಿರಬೇಕು.

"ನಾನು ಇವಳ ತಾಯಿ," ಎಂದಳು.

ತನಿಖಾಧಿಕಾರಿ ಕಡತ ಬಿಚ್ಚಿ ಹಾಳೆ ತಿರುವಿದ. "ಇವರ ತಾಯಿ ಸತ್ತು ಮೂವತ್ತು ವರ್ಷ ಆಗಿದೆ."

ಒಂದು ಹೊಲಿಗೆ ಬಿಚ್ಚಿದರೆ ಇಡೀ ಬಟ್ಟೆ ಬಿಚ್ಚುತ್ತದೆ. ಕೋಣೆಯಲ್ಲಿದ್ದವರೆಲ್ಲ ಮಗಳ ಮುಖ ನೋಡಿದರು. ಮುದುಕಿ ಮಾತ್ರ ಯಾರನ್ನೂ ನೋಡಲಿಲ್ಲ. ಅವನನ್ನು ದಾಟಿ ಹೋಗಿ ಮಂಚದ ಅಂಚಿನಲ್ಲಿ ಕೂತಳು, ಜ್ವರ ನೋಡುವವಳಂತೆ ಅಮ್ಮನ ಹಣೆಗೆ ಕೈಯಿಟ್ಟಳು.

"ಇವರು?" ತನಿಖಾಧಿಕಾರಿ ಮಗಳನ್ನು ಕೇಳಿದ.

"ಅಜ್ಜಿ," ಎಂದಳು ಮಗಳು. ಈ ಸಲ ಕಿವಿ ಬಿಸಿಯಾಗಲಿಲ್ಲ.

ಅವನು ಅಮ್ಮನ ಹಣೆಯ ಮೇಲಿದ್ದ ಮುದುಕಿಯ ಕೈ ನೋಡಿದ. ಆಮೇಲೆ ಹಾಳೆಯ ಮೇಲೆ ಒಂದೇ ಸಾಲು ಬರೆದ. ಅವಳು ತಲೆಕೆಳಗಾಗಿಯೇ ಓದಿದಳು: 'ಬಂದವರೆಲ್ಲ ಸಂಬಂಧಿಕರು.' ಕಡತ ಮುಚ್ಚಿ, ಮೆಟ್ಟಿಲಿಳಿದು ಹೋದ.

ಮುದುಕಿಗೆ ಅದರ ಗೊಡವೆಯೇ ಇರಲಿಲ್ಲ. ಎರಡೂ ಅಂಗೈಗಳನ್ನು ಗಸಗಸ ಉಜ್ಜಿ ಬಿಸಿ ಮಾಡಿಕೊಂಡು ಅಮ್ಮನ ಕೆನ್ನೆಗಳ ಮೇಲಿಟ್ಟಳು. ಆರುತ್ತಲೇ ತೆಗೆದು, ಮತ್ತೆ ಉಜ್ಜತೊಡಗಿದಳು.